ಟ್ಯಾಕ್ಸಿ ಬಾಡಿಗೆ 540 ರೂಪಾಯಿ: ಯಾರ ಪಾಲು ಎಷ್ಟು?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ ಓದುತ್ತಿದ್ದಾಳೆ. '720 ರೂಪಾಯಿಯನ್ನು 2:3:4 ಅನುಪಾತದಲ್ಲಿ ಹಂಚು' ಎಂದರೆ ಬಾಯಲ್ಲೇ ಉತ್ತರ ಹೇಳುತ್ತಾಳೆ. ಅದನ್ನೇ ನಾಲ್ಕು ಸಾಲಿನ ಕಥೆಯಾಗಿ ಕೊಟ್ಟರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾಳೆ. ಮೊನ್ನೆ ಇಂಥದ್ದೇ ಒಂದು ಲೆಕ್ಕ ನಮ್ಮಿಬ್ಬರಿಗೂ ವಾದ ತಂದಿಟ್ಟಿತು. ಮೂವರು ಗೆಳೆಯರು ಒಂದೇ ಟ್ಯಾಕ್ಸಿಯಲ್ಲಿ, ಒಂದೇ ದಾರಿಯಲ್ಲಿ ಹೊರಡುತ್ತಾರೆ. ಒಬ್ಬ 6 ಕಿ.ಮೀ. ಆದಮೇಲೆ ಇಳಿಯುತ್ತಾನೆ, ಇನ್ನೊಬ್ಬ 12 ಕಿ.ಮೀ.ಗೆ, ಮತ್ತೊಬ್ಬ 18 ಕಿ.ಮೀ.ಗೆ. ಒಟ್ಟು ಬಾಡಿಗೆ 540 ರೂಪಾಯಿ. ಯಾರು ಎಷ್ಟು ಕೊಡಬೇಕು? ನಾನು 90, 180, 270 ಎಂದೆ. ನಮ್ಮ ಯಜಮಾನರು 60, 150, 330 ಎಂದರು. ಎರಡನ್ನೂ ಕೂಡಿದರೆ 540 ಬರುತ್ತದೆ. ಯಾರದು ಸರಿ? ಇಂಥ ಲೆಕ್ಕಗಳನ್ನು ಮಗಳಿಗೆ ಹೇಗೆ ಹೇಳಿಕೊಡಲಿ?

ಉತ್ತರ: ಪರೀಕ್ಷೆಯಲ್ಲಿ ನಿಮ್ಮ ಉತ್ತರಕ್ಕೆ ಅಂಕ ಸಿಗುತ್ತದೆ. ಆದರೆ ಯಜಮಾನರ ಉತ್ತರ ತಪ್ಪಲ್ಲ. ಲೆಕ್ಕ ಬರೆದವರು ಹೇಳಲೇಬೇಕಾಗಿದ್ದ ಒಂದು ಮಾತನ್ನು ಹೇಳದೆ ಬಿಟ್ಟಿದ್ದಾರೆ. ನಿಮ್ಮ ಮಗಳು ಪೆನ್ಸಿಲ್ ಕಚ್ಚುವುದೂ ಅದೇ ಜಾಗದಲ್ಲಿ ಎಂದು ನನ್ನ ಊಹೆ.

'ಪ್ರಯಾಣಿಸಿದ ದೂರಕ್ಕೆ ಅನುಗುಣವಾಗಿ' ಎಂಬ ಮಾತು ಇದ್ದಿದ್ದರೆ ವಾದಕ್ಕೆ ಎಡೆಯೇ ಇರುತ್ತಿರಲಿಲ್ಲ. 6:12:18 ಅಂದರೆ 1:2:3, ಒಟ್ಟು ಆರು ಪಾಲು. 540ನ್ನು ಆರರಿಂದ ಭಾಗಿಸಿದರೆ ಒಂದು ಪಾಲು 90 ರೂಪಾಯಿ. ಇದು ನಿಮ್ಮ ದಾರಿ. ಯಜಮಾನರು ಪ್ರಯಾಣವನ್ನೇ ಮೂರು ತುಂಡು ಮಾಡಿದ್ದಾರೆ. ಪ್ರತಿ 6 ಕಿ.ಮೀ.ಗೂ ಬಾಡಿಗೆ 180. ಮೊದಲ ತುಂಡಿನಲ್ಲಿ ಮೂವರಿದ್ದರು, ತಲೆಗೆ 60. ಎರಡನೆಯದರಲ್ಲಿ ಇಬ್ಬರು, ತಲೆಗೆ 90. ಕೊನೆಯ ತುಂಡಿನಲ್ಲಿ ಒಬ್ಬನೇ, ಪೂರ್ತಿ 180 ಅವನದೇ. ಹಾಗಾಗಿ 60, 150, 330. ನಿಮ್ಮದು ದೂರ ನೋಡಿ ಹಂಚಿದ ಲೆಕ್ಕ, ಅವರದು ಗಾಡಿಯಲ್ಲಿ ಯಾವಾಗ ಎಷ್ಟು ಜನ ಇದ್ದರೆಂದು ನೋಡಿ ಹಂಚಿದ ಲೆಕ್ಕ.

ಅವರ ವಿಧಾನಕ್ಕೆ ಅರ್ಥಶಾಸ್ತ್ರದಲ್ಲಿ ಗಟ್ಟಿ ಹಿನ್ನೆಲೆಯೇ ಇದೆ. ಅಮೆರಿಕದ ಗಣಿತಜ್ಞ ಲಾಯ್ಡ್ ಶಾಪ್ಲಿ 1953ರಲ್ಲಿ, ಹಲವರು ಕೂಡಿ ಮಾಡಿದ ಕೆಲಸದ ಲಾಭವನ್ನೋ ವೆಚ್ಚವನ್ನೋ ಹಂಚುವುದಕ್ಕೆ ಒಂದು ಸಾಮಾನ್ಯ ನಿಯಮ ಕೊಟ್ಟರು. 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಶಾಪ್ಲಿ ಇವರೇ. 1973ರಲ್ಲಿ ಲಿಟಲ್‌ಚೈಲ್ಡ್ ಮತ್ತು ಓವನ್ ಎಂಬಿಬ್ಬರು ಆ ನಿಯಮವನ್ನು ವಿಮಾನ ನಿಲ್ದಾಣದ ರನ್‌ವೇಗೆ ಅನ್ವಯಿಸಿದರು. ಸಣ್ಣ ವಿಮಾನಕ್ಕೆ ಗಿಡ್ಡ ರನ್‌ವೇ ಸಾಕು, ದೊಡ್ಡದಕ್ಕೆ ಉದ್ದನೆಯದು ಬೇಕು. ಹಾಗಿದ್ದರೆ ರನ್‌ವೇ ಕಟ್ಟಿದ ಖರ್ಚಿನಲ್ಲಿ ಯಾರ ಪಾಲು ಎಷ್ಟು? ಬಂದ ಉತ್ತರ ನಿಮ್ಮ ಮನೆಯಲ್ಲಿ ಬಂದದ್ದೇ: ಎಲ್ಲರಿಗೂ ಬೇಕಾದ ಮೊದಲ ತುಂಡಿನ ಖರ್ಚು ಎಲ್ಲರಿಗೂ ಸಮ, ಮುಂದಿನ ತುಂಡು ಅದು ಬೇಕಾದವರಿಗೆ ಮಾತ್ರ. ಯಜಮಾನರಿಗೆ ಈ ಮಾತು ತಿಳಿಸುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ನಿಮ್ಮ ಉತ್ತರಕ್ಕೂ ಅಷ್ಟೇ ಒಳ್ಳೆಯ ಸಮರ್ಥನೆ ಇದೆ. ಮೂವರೂ ಬೇರೆ ಬೇರೆ ಟ್ಯಾಕ್ಸಿ ಹಿಡಿದಿದ್ದರೆ ಕ್ರಮವಾಗಿ 180, 360, 540 ಕೊಡಬೇಕಿತ್ತು, ಒಟ್ಟು 1080. ಒಟ್ಟಿಗೆ ಹೋದದ್ದರಿಂದ ಅರ್ಧ ಉಳಿಯಿತು. ನಿಮ್ಮ ಲೆಕ್ಕದಲ್ಲಿ ಮೂವರಿಗೂ ಸರಿಯಾಗಿ ಅರ್ಧ ಉಳಿಯುತ್ತದೆ. ಯಜಮಾನರ ಲೆಕ್ಕದಲ್ಲಿ ಮೊದಲನೆಯವನಿಗೆ 120, ಉಳಿದಿಬ್ಬರಿಗೆ ತಲಾ 210 ಉಳಿಯುತ್ತದೆ. 'ಉಳಿತಾಯವೇ ಎಲ್ಲರಿಗೂ ಸಮ ಇರಲಿ, ತಲಾ 180' ಎಂದು ನಾಲ್ಕನೆಯವರು ಯಾರಾದರೂ ಪಂಚಾಯಿತಿ ಮಾಡಿದರೆ ಮೊದಲನೆಯವನು ಒಂದು ಪೈಸೆಯನ್ನೂ ಕೊಡದೆ ಇಳಿದು ಹೋಗುತ್ತಾನೆ!

ಮಗಳಿಗೆ ಮೊದಲು ಹೇಳಬೇಕಾದದ್ದು ಇಷ್ಟು. ಹಂಚುವ ಲೆಕ್ಕದಲ್ಲಿ ಭಾಗಾಕಾರ ಕೊನೆಯ ಕೆಲಸ, ಅದು ಅವಳಿಗೆ ಬರುತ್ತದೆ. ಅದಕ್ಕೂ ಮೊದಲು 'ಯಾವುದನ್ನು ಹಂಚುತ್ತಿದ್ದೇವೆ' ಮತ್ತು 'ಯಾವುದನ್ನು ನೋಡಿ ಹಂಚುತ್ತಿದ್ದೇವೆ' ಎಂಬ ಎರಡು ಪ್ರಶ್ನೆಗಳಿಗೆ ಅವಳು ಕಥೆಯೊಳಗಿನಿಂದ ಉತ್ತರ ಹುಡುಕಬೇಕು. ಎರಡನೆಯದಕ್ಕೆ ಸುಳಿವು ಬೇಕಾದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಖರ್ಚು ಯಾವುದರಿಂದ ಏರಿತು? ದೂರದಿಂದಲೋ, ತಲೆಗಳಿಂದಲೋ, ದಿನಗಳಿಂದಲೋ, ಜಾಗದಿಂದಲೋ? ಯಾವುದು ಹೆಚ್ಚಾದರೆ ಬಿಲ್ಲು ಹೆಚ್ಚಾಗುತ್ತದೋ ಅದೇ ಸಾಮಾನ್ಯವಾಗಿ ಹಂಚಿಕೆಯ ಆಧಾರ. 'ಅನುಗುಣವಾಗಿ', 'ಪ್ರಕಾರ', 'ತಕ್ಕಂತೆ' ಎಂಬ ಮಾತುಗಳು ಕಂಡಲ್ಲಿ ಅವುಗಳ ಹಿಂದಿನ ಪದಕ್ಕೆ ಅಡಿಗೆರೆ ಹಾಕಿಸಿ.

ಹುಲ್ಲುಗಾವಲಿನ ಲೆಕ್ಕ ಇದಕ್ಕೆ ಒಳ್ಳೆಯ ಅಭ್ಯಾಸ. ಮೂವರು ಸೇರಿ ಒಂದು ಕಾವಲನ್ನು 13,800 ರೂಪಾಯಿಗೆ ಗುತ್ತಿಗೆ ಹಿಡಿದರು. ಒಬ್ಬ 12 ದನಗಳನ್ನು 4 ತಿಂಗಳು ಮೇಯಿಸಿದ, ಇನ್ನೊಬ್ಬ 9 ದನಗಳನ್ನು 5 ತಿಂಗಳು, ಮೂರನೆಯವನು 15 ದನಗಳನ್ನು 3 ತಿಂಗಳು. ಮಕ್ಕಳು ನೇರವಾಗಿ 12:9:15ಕ್ಕೆ ಕೈಹಾಕುತ್ತಾರೆ, ಇಲ್ಲವೇ 4:5:3ಕ್ಕೆ. ಹುಲ್ಲು ಖಾಲಿಯಾಗುವುದು ದನ ಹೆಚ್ಚಾದರೂ ಹೌದು, ತಿಂಗಳು ಹೆಚ್ಚಾದರೂ ಹೌದು. ಹಾಗಾಗಿ ಒಂದು ದನ ಒಂದು ತಿಂಗಳಲ್ಲಿ ಮೇಯುವ ಹುಲ್ಲನ್ನೇ ಅಳತೆ ಮಾಡಿಕೊಂಡರೆ ಮೂವರೂ ಒಂದೇ ತಕ್ಕಡಿಗೆ ಬರುತ್ತಾರೆ. ಮೊದಲನೆಯವನದು 48, ಎರಡನೆಯವನದು 45, ಮೂರನೆಯವನದೂ 45. ಒಟ್ಟು 138, ಒಂದಕ್ಕೆ 100 ರೂಪಾಯಿ. 4,800, 4,500, 4,500. ಹದಿನೈದು ದನ ಇದ್ದವನೂ ಒಂಬತ್ತು ದನ ಇದ್ದವನೂ ಒಂದೇ ಮೊತ್ತ ಕೊಡುವುದನ್ನು ನೋಡಿ ಮಗಳು ಹುಬ್ಬೇರಿಸಲಿ. ಏಕೆ ಹೀಗೆ ಎಂದು ಅವಳೇ ತನ್ನ ಬಾಯಿಂದ ಹೇಳಿದರೆ ಈ ಮಾದರಿ ಅವಳಿಗೆ ದಕ್ಕಿತು ಎಂದರ್ಥ. (ನಮ್ಮ ಉತ್ತರ ಕರ್ನಾಟಕದಲ್ಲಿ ಕುರಿ ಮಂದೆ ವಿಷಯಕ್ಕೆ ಬಂದರೆ ಲೆಕ್ಕ ತಿರುಗುಮುರುಗು. ಕುರಿ ಹೊಲದಲ್ಲಿ ತಂಗಿದ್ದಕ್ಕೆ ರೈತನೇ ಕುರುಬರಿಗೆ ಕೊಡುತ್ತಾನೆ, ಗೊಬ್ಬರದ ಆಸೆಗೆ. ಅಲ್ಲೂ ಆಧಾರ ಅದೇ, ಎಷ್ಟು ಕುರಿ, ಎಷ್ಟು ರಾತ್ರಿ.)

ಪಾಲುದಾರಿಕೆಯ ಲೆಕ್ಕದಲ್ಲಿ ದನದ ಜಾಗಕ್ಕೆ ಬಂಡವಾಳ ಬರುತ್ತದೆ, ಅಷ್ಟೇ. ಒಬ್ಬಳು 40,000 ಹಾಕಿ ಅಂಗಡಿ ತೆರೆದಳು, 4 ತಿಂಗಳ ನಂತರ ಗೆಳತಿ 60,000 ತಂದು ಸೇರಿದಳು. ವರ್ಷದ ಕೊನೆಗೆ ಲಾಭ ಹೇಗೆ? 40,000 × 12 ಮತ್ತು 60,000 × 8, ಎರಡೂ 4,80,000. ಲಾಭ ಸಮಸಮ. ಇಲ್ಲಿ ಜಾರುವ ಜಾಗ ಒಂದೇ: '4 ತಿಂಗಳ ನಂತರ' ಎಂದು ಓದಿ 4ರಿಂದ ಗುಣಿಸುವುದು. ಆ ಹಣ ಅಂಗಡಿಯಲ್ಲಿ ಎಷ್ಟು ತಿಂಗಳು ದುಡಿಯಿತು ಎಂದು ಕೇಳಿಕೊಂಡರೆ 8 ತಾನಾಗಿ ಬರುತ್ತದೆ.

ಈ ಲೆಕ್ಕದ ವಂಶ ಹಳೆಯದು. ಭಾಸ್ಕರಾಚಾರ್ಯ 1150ರಲ್ಲಿ ಬರೆದ ಲೀಲಾವತಿಯಲ್ಲಿ ಮೂವರು ವರ್ತಕರು 51, 68, 85 ಹಾಕಿ ಕೂಡುವ್ಯಾಪಾರ ಮಾಡುತ್ತಾರೆ, ಅದು ಬೆಳೆದು 300 ಆಗುತ್ತದೆ. ಪಾಲು ಎಷ್ಟೆಷ್ಟು? ಮೂಲಧನ ಒಟ್ಟು 204. ಮೂರೂ ಸಂಖ್ಯೆ 17ರಿಂದ ಹೋಗುತ್ತವೆ: 3:4:5. ಹಾಗಾದರೆ 300ರಲ್ಲಿ ಒಂದು ಪಾಲು 25, ಉತ್ತರ 75, 100, 125. ಗಮನಿಸಿ, ಅವರು ಹಂಚುತ್ತಿರುವುದು ಲಾಭವನ್ನಲ್ಲ, ಅಸಲು ಲಾಭ ಕೂಡಿದ ಮೊತ್ತವನ್ನು. ಬರೀ ಲಾಭ 96 ಹಂಚಿದರೆ 24, 32, 40. ಇದಕ್ಕೆ ಅವರವರ ಅಸಲು ಕೂಡಿಸಿದರೂ ಅದೇ 75, 100, 125 ಬರುತ್ತದೆ. 'ಯಾವುದನ್ನು ಹಂಚುತ್ತಿದ್ದೇವೆ' ಎಂಬ ಮೊದಲ ಪ್ರಶ್ನೆಗೆ ತಾಳೆ ನೋಡಲು ಇದಕ್ಕಿಂತ ಚೊಕ್ಕವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದೆ, ಮಾನ್ಯಖೇಟದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಇಂಥ ಲೆಕ್ಕಗಳಿಗೆಂದೇ ಜಾಗ ಕೊಟ್ಟಿದ್ದಾನೆ. ಅವನ ಒಂದು ಲೆಕ್ಕವನ್ನು ಮಗಳಿಗೆ ಕೊಡಿ: 120 ಹೊನ್ನನ್ನು ನಾಲ್ವರು ಆಳುಗಳಿಗೆ 1/2, 1/3, 1/4, 1/6ರ ಪ್ರಮಾಣದಲ್ಲಿ ಹಂಚಬೇಕು. ಅವಳು 60, 40, 30, 20 ಎಂದು ಬರೆದು ಕೂಡಿದರೆ 150 ಬರುತ್ತದೆ, ಇಲ್ಲದ 30 ಹೊನ್ನು ಎಲ್ಲಿಂದಲೋ ಹುಟ್ಟಿಕೊಂಡಿರುತ್ತದೆ. ಏಕೆಂದರೆ ಈ ಭಿನ್ನರಾಶಿಗಳು ಕೂಡಿ ಒಂದಾಗುವುದಿಲ್ಲ, ಒಂದೂಕಾಲು ಆಗುತ್ತವೆ. ಅವು 120ರ ಭಾಗಗಳಲ್ಲ, ಒಬ್ಬರಿಗೊಬ್ಬರ ನಡುವಿನ ಪ್ರಮಾಣ. ಮಹಾವೀರಾಚಾರ್ಯನ ಸೂತ್ರ ಸರಳ: ಎಲ್ಲದಕ್ಕೂ ಒಂದೇ ಛೇದ ತಾ, ಆಮೇಲೆ ಛೇದವನ್ನು ಬಿಟ್ಟುಬಿಡು, ಅಂಶಗಳ ಮೊತ್ತದಿಂದ ಭಾಗಿಸು. ಛೇದ 12 ಮಾಡಿದರೆ ಅಂಶಗಳು 6, 4, 3, 2, ಮೊತ್ತ 15, ಒಂದು ಪಾಲು 8. 48, 32, 24, 16. ಇಂದಿನ ಪುಸ್ತಕಗಳು ಲ.ಸಾ.ಅ. ಎನ್ನುತ್ತಾ ಹೇಳಿಕೊಡುವುದೂ ಇದನ್ನೇ.

ಇದರ ತಂಗಿಯಂಥ ಇನ್ನೊಂದು ತಪ್ಪು 2:3 ಎಂದ ಕೂಡಲೇ ಮೊತ್ತದ 2/3 ತೆಗೆಯುವುದು. ಎರಡು ಪಾಲು ಮತ್ತು ಮೂರು ಪಾಲು ಸೇರಿ ಐದು ಪಾಲು. ಒಬ್ಬರಿಗೆ 2/5, ಇನ್ನೊಬ್ಬರಿಗೆ 3/5. 'ಒಟ್ಟು ಎಷ್ಟು ಪಾಲು' ಎಂದು ಬದಿಯಲ್ಲಿ ಬರೆಸಿದರೆ ಈ ತಪ್ಪು ಬೇಗ ಬಿಟ್ಟುಹೋಗುತ್ತದೆ.

ಈಗ ರೊಟ್ಟಿಯ ಲೆಕ್ಕ. ಇದು ಹಲವು ದೇಶ ಸುತ್ತಿದ ಹಳೇ ಒಗಟು. ಇಟಲಿಯ ಫಿಬೊನಾಚಿ 1202ರಲ್ಲೇ ಇದರ ಒಂದು ರೂಪವನ್ನು ಬರೆದಿಟ್ಟಿದ್ದ. ನಮ್ಮ ಕಡೆಯ ಬುತ್ತಿಯಲ್ಲಿಟ್ಟು ಹೇಳುತ್ತೇನೆ. ದಾರಿಯಲ್ಲಿ ಇಬ್ಬರು ಊಟಕ್ಕೆ ಕೂತಿದ್ದಾರೆ. ಒಬ್ಬನ ಬುತ್ತಿಯಲ್ಲಿ 5 ಜೋಳದ ರೊಟ್ಟಿ, ಇನ್ನೊಬ್ಬನಲ್ಲಿ 3. ಬುತ್ತಿ ತಾರದ ಮೂರನೆಯವನೊಬ್ಬ ಬಂದ. ಮೂವರೂ ಸಮಸಮವಾಗಿ ಉಂಡರು. ಹೋಗುವಾಗ ಅವನು 8 ರೂಪಾಯಿ ಇಟ್ಟುಹೋದ. ಇಬ್ಬರೂ ಹೇಗೆ ಹಂಚಿಕೊಳ್ಳಬೇಕು?

ಹೆಚ್ಚಿನವರು 5 ಮತ್ತು 3 ಎನ್ನುತ್ತಾರೆ, ದೊಡ್ಡವರೂ ಸೇರಿ. ಆದರೆ ಆ 8 ರೂಪಾಯಿ ಯಾವುದಕ್ಕೆ ಬಂದದ್ದು? ಬುತ್ತಿಯಲ್ಲಿದ್ದ ಎಲ್ಲ ರೊಟ್ಟಿಗಲ್ಲ, ಮೂರನೆಯವನು ತಿಂದ ರೊಟ್ಟಿಗೆ. ಒಂದೊಂದು ರೊಟ್ಟಿಯನ್ನೂ ಮೂರು ತುಂಡು ಮಾಡಿ. ಒಟ್ಟು 24 ತುಂಡು, ತಲೆಗೆ 8. ಮೊದಲನೆಯವನು ತಂದದ್ದು 15, ತಾನೇ ತಿಂದದ್ದು 8, ಕೊಟ್ಟದ್ದು 7. ಎರಡನೆಯವನು ತಂದದ್ದು 9, ತಿಂದದ್ದು 8, ಕೊಟ್ಟದ್ದು ಒಂದೇ ಒಂದು ತುಂಡು. ಹಣ 7 ಮತ್ತು 1. ಮೂರು ರೊಟ್ಟಿ ತಂದವನಿಗೆ ಒಂದೇ ರೂಪಾಯಿ ಎಂದರೆ ಮಕ್ಕಳು ಅನ್ಯಾಯ ಎಂದು ಕೂಗುತ್ತಾರೆ. ಕೂಗಲಿ. ಲೆಕ್ಕದಲ್ಲಿ 5 ಮತ್ತು 3 ಕಣ್ಣಿಗೆ ಹೊಡೆದಂತೆ ಕಾಣುತ್ತವೆ, ಬೇಕಾದ 7 ಮತ್ತು 1 ಎಲ್ಲೂ ಕಾಣುವುದಿಲ್ಲ. ಪ್ರಶ್ನೆಯಲ್ಲಿ ಅಚ್ಚಾದ ಸಂಖ್ಯೆಗಳೇ ಅನುಪಾತ ಆಗಿರಬೇಕಿಲ್ಲ ಎಂಬುದು ಒಂದು ಸಲ ಮನಸ್ಸಿಗೆ ನಾಟಿದರೆ, ಮುಂದೆ ಅವಳು ಯಾವ ಕಥೆಯನ್ನೂ ಎರಡು ಸಲ ಓದದೆ ಬಿಡುವುದಿಲ್ಲ.

ನಿಜಜೀವನದ ಹಂಚಿಕೆ ಒಂದೇ ಅನುಪಾತಕ್ಕೆ ಒಗ್ಗುವುದು ಅಪರೂಪ. ಮೂರು ಕುಟುಂಬಗಳು ಪ್ರವಾಸ ಹೋದವು ಎನ್ನಿ: 5 ಜನ, 3 ಜನ, 2 ಜನ. ವ್ಯಾನಿಗೆ 9,000, ಊಟಕ್ಕೆ 6,000, ಕುಟುಂಬಕ್ಕೊಂದರಂತೆ ಮೂರು ರೂಮಿಗೆ 6,000. ಒಟ್ಟು 21,000ವನ್ನು 5:3:2ರಲ್ಲಿ ಹಂಚಿ 10,500, 6,300, 4,200 ಎಂದು ಮುಗಿಸುವುದು ಸುಲಭ. ಆದರೆ ರೂಮಿನ ಬಾಡಿಗೆ ತಲೆ ಎಣಿಸಿ ಏರಿದ್ದಲ್ಲ, ಎಲ್ಲರಿಗೂ ಒಂದೊಂದೇ ರೂಮು. ವ್ಯಾನಿನ ಸೀಟು ಮತ್ತು ಊಟ ತಲೆಯ ಮೇಲೆ, ರೂಮು ಕುಟುಂಬದ ಮೇಲೆ. ಮೊದಲ ಕುಟುಂಬಕ್ಕೆ 4,500 + 3,000 + 2,000 ಅಂದರೆ 9,500. ಎರಡನೆಯದಕ್ಕೆ 2,700 + 1,800 + 2,000, ಅಂದರೆ 6,500. ಮೂರನೆಯದಕ್ಕೆ 1,800 + 1,200 + 2,000, ಅಂದರೆ 5,000. ಕೂಡಿದರೆ ಮತ್ತೆ 21,000.

ಇನ್ನು ಯಾರು ಕೈಯಿಂದ ಹಾಕಿದ್ದಾರೆ ಎಂಬುದು ಬೇರೆಯೇ ಲೆಕ್ಕ. ಅದನ್ನು ಇದರೊಳಗೆ ಬೆರೆಸಿದರೆ ಕೆಟ್ಟಿತು. ಮೊದಲ ಕುಟುಂಬ ವ್ಯಾನಿನ 9,000 ಕೊಟ್ಟಿತ್ತು, ಎರಡನೆಯದು ಉಳಿದ 12,000 ಕೊಟ್ಟಿತ್ತು, ಮೂರನೆಯದು ಇನ್ನೂ ಏನೂ ಕೊಟ್ಟಿಲ್ಲ. ಕೊಡಬೇಕಾದ್ದರಲ್ಲಿ ಕೊಟ್ಟದ್ದನ್ನು ಕಳೆದರೆ ಮೊದಲನೆಯವರು ಇನ್ನೂ 500 ಕೊಡಬೇಕು, ಮೂರನೆಯವರು 5,000 ಕೊಡಬೇಕು, ಎರಡನೆಯವರಿಗೆ 5,500 ಬರಬೇಕು. ಕೊಡುವುದೂ ಬರುವುದೂ ಸಮ ಆಯಿತೆಂದರೆ ಲೆಕ್ಕ ಸರಿ. ಫೋನಿನಲ್ಲಿ ಖರ್ಚು ಹಂಚುವ ಆ್ಯಪ್‌ಗಳು ಮಾಡುವುದೂ ಈ ಎರಡು ಹೆಜ್ಜೆಗಳನ್ನೇ. ಆಧಾರ ಯಾವುದೆಂದು ಆರಿಸುವ ಕೆಲಸವನ್ನು ಅವು ನಮಗೇ ಬಿಡುತ್ತವೆ.

ಆಧಾರ ಯಾವುದೆಂಬುದು ಗಣಿತ ಒಂದೇ ತೀರ್ಮಾನಿಸುವ ವಿಷಯವಲ್ಲ, ಅದಕ್ಕೇ ಕಾನೂನು ನಡುವೆ ಬರುತ್ತದೆ. ಶಾಲೆಯ ಪುಸ್ತಕದಲ್ಲಿ ಲಾಭ ಹಂಚುವುದು ಸದಾ ಬಂಡವಾಳಕ್ಕೆ ತಕ್ಕಂತೆ. ಆದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೇ ಕಲಮಿನ ಪ್ರಕಾರ, ಪಾಲುದಾರರು ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಲಾಭವೂ ಸಮ, ನಷ್ಟವೂ ಸಮ; ಯಾರು ಎಷ್ಟು ಹಾಕಿದರು ಎಂಬುದನ್ನು ನೋಡುವುದಿಲ್ಲ. ಲೀಲಾವತಿಯ ಆ ಮೂವರು ವರ್ತಕರು ಇಂದು ಕರಾರುಪತ್ರ ಬರೆದುಕೊಳ್ಳದೆ ವ್ಯಾಪಾರ ಮಾಡಿದ್ದರೆ ಲಾಭದ 96ರಲ್ಲಿ ತಲೆಗೆ 32 ತೆಗೆದುಕೊಂಡು ಹೋಗಬೇಕಿತ್ತು. ವಾಣಿಜ್ಯ ಓದುವ ಮಕ್ಕಳಿಗೆ ಇದು ಗೊತ್ತು, ಗಣಿತದ ತರಗತಿಯಲ್ಲಿ ಯಾರೂ ಹೇಳುವುದಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಭೆಗಳಲ್ಲಿ ನಿರ್ವಹಣಾ ಶುಲ್ಕದ ಗಲಾಟೆ ನೋಡಿದ್ದೀರಲ್ಲ? ಚಿಕ್ಕ ಮನೆಯವರು ಚದರಡಿ ಲೆಕ್ಕ ಬೇಕೆನ್ನುತ್ತಾರೆ, ದೊಡ್ಡ ಮನೆಯವರು ಎಲ್ಲರಿಗೂ ಸಮ ಬೇಕೆನ್ನುತ್ತಾರೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಹೇಳುವುದು, ಸಾಮಾನ್ಯ ಖರ್ಚನ್ನು ಪ್ರತಿ ಮಾಲೀಕರ ಅವಿಭಾಜ್ಯ ಹಿತಾಸಕ್ತಿಯ, ಅಂದರೆ ಎಲ್ಲರಿಗೂ ಸೇರಿದ ಜಾಗದಲ್ಲಿ ಅವರಿಗಿರುವ ಬಿಡಿಸಲಾಗದ ಪಾಲಿನ, ಶೇಕಡಾವಾರು ಪ್ರಕಾರ ಹಂಚಬೇಕು ಎಂದು. ಆ ಶೇಕಡಾವಾರು ನಿಂತಿರುವುದು ಇಡೀ ಆಸ್ತಿಯ ಮೌಲ್ಯಕ್ಕೆ ಹೋಲಿಸಿದಾಗ ಆ ಮನೆಯ ಮೌಲ್ಯದ ಮೇಲೆ. ಕಾನೂನು ಹಾಗಿರಲಿ, ವಾಚ್‌ಮನ್ ಸಂಬಳ ಚದರಡಿಯಿಂದ ಏರುವುದಿಲ್ಲ, ಹೊರಗೋಡೆಗೆ ಬಣ್ಣ ಹೊಡೆಸಿದ ಖರ್ಚು ಬಹುಮಟ್ಟಿಗೆ ಅಳತೆಯಿಂದಲೇ ಏರುತ್ತದೆ. ಎರಡೂ ಕಡೆಯವರ ಮಾತಿನಲ್ಲಿ ಅರ್ಧರ್ಧ ಹುರುಳಿದೆ ಎಂದೇ ನಾನು ಎಣಿಸುತ್ತೇನೆ. ಬಿಲ್ಲನ್ನು ತುಂಡು ಮಾಡಿ ನೋಡುವ ತಾಳ್ಮೆ ಸಭೆಗಳಿಗೆ ಇರುವುದಿಲ್ಲ.

ಹಡಗಿನ ಕಾನೂನಿನಲ್ಲಿ ಇದಕ್ಕಿಂತ ಸೊಗಸಾದ ಹಂಚಿಕೆ ಇದೆ. ಬಿರುಗಾಳಿಯಲ್ಲಿ ಹಡಗು ಉಳಿಸಲು ಒಬ್ಬನ ಸರಕನ್ನು ಸಮುದ್ರಕ್ಕೆ ಎಸೆದರೆ, ಆ ನಷ್ಟವನ್ನು ಹಡಗಿನವನೂ ಉಳಿದ ಸರಕಿನವರೂ ಕೂಡಿ ಭರಿಸಬೇಕು. ಗ್ರೀಸಿನ ರೋಡ್ಸ್ ದ್ವೀಪದವರದೆಂದು ಹೆಸರಾದ ಈ ನಿಯಮವನ್ನು ರೋಮನ್ನರ ಕಾನೂನು ಉಳಿಸಿಕೊಂಡಿತು, ಇಂದಿಗೂ ಚಾಲ್ತಿಯಲ್ಲಿದೆ. 2021ರಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಬಿದ್ದ ಎವರ್ ಗಿವನ್ ಹಡಗನ್ನು ಬಿಡಿಸಿದ ಮೇಲೂ ಇದನ್ನೇ ಜಾರಿಗೆ ತಂದು, ಅದರಲ್ಲಿದ್ದ ಸರಕಿನ ಮಾಲೀಕರೂ ಖರ್ಚಿಗೆ ಪಾಲು ಹಾಕುವಂತಾಯಿತು. ಒಂದು ಕಲ್ಪಿತ ಲೆಕ್ಕ ನೋಡಿ. ಹಡಗು 50 ಲಕ್ಷದ್ದು, ಒಬ್ಬ ವರ್ತಕನ ಸರಕು 30 ಲಕ್ಷದ್ದು, ಇನ್ನೊಬ್ಬನದು 20 ಲಕ್ಷದ್ದು. ಎರಡನೆಯವನ ಸರಕಿನಲ್ಲಿ 10 ಲಕ್ಷದ್ದನ್ನು ಎಸೆದರು. ನಷ್ಟವನ್ನು 50:30ರಲ್ಲಿ ಹಂಚಿ ಅವನಿಗೆ ಪೂರ್ತಿ 10 ಲಕ್ಷ ಕೊಡಬೇಕೆನಿಸುತ್ತದೆ, ಅಲ್ಲವೇ? ಇಲ್ಲ. ಹಾಗೆ ಮಾಡಿದರೆ ಕಳೆದುಕೊಂಡವನೊಬ್ಬನೇ ಏನೂ ಕಳೆದುಕೊಳ್ಳದೆ ಉಳಿಯುತ್ತಾನೆ. ಎಸೆದದ್ದನ್ನೂ ಸೇರಿಸಿ 50:30:20ರಲ್ಲಿ ಹಂಚಬೇಕು: 5 ಲಕ್ಷ, 3 ಲಕ್ಷ, 2 ಲಕ್ಷ. ಅವನ ಕೈಗೆ ಬರುವುದು 8 ಲಕ್ಷ. ಮೂವರಿಗೂ ತಮ್ಮ ಸೊತ್ತಿನ ನೂರಕ್ಕೆ ಹತ್ತರಷ್ಟು ನಷ್ಟ.

ವಿಲೋಮ ಅನುಪಾತದ ಬಗ್ಗೆ ಒಂದು ಎಚ್ಚರಿಕೆ. ಒಂದು ಆಸ್ಪತ್ರೆಗೆ ಮೂರು ಹಳ್ಳಿಗಳು 48,000 ರೂಪಾಯಿ ವಂತಿಗೆ ಕೊಡಬೇಕು. ಹತ್ತಿರ ಇದ್ದವರು ಹೆಚ್ಚು, ಅಂದರೆ ದೂರಕ್ಕೆ ವಿಲೋಮವಾಗಿ. ದೂರ 2, 3, 6 ಕಿ.ಮೀ. ಮಕ್ಕಳು ಅನುಪಾತವನ್ನು ತಲೆಕೆಳಗು ಮಾಡಿ 6:3:2 ಎಂದು ಬರೆಯುತ್ತಾರೆ. ಎರಡೇ ಸಂಖ್ಯೆ ಇದ್ದಾಗ ಈ ಉಪಾಯ ಸರಿಯಾಗಿ ನಡೆಯುತ್ತದೆ, 2:3 ಎಂಬುದು 3:2 ಆಗುತ್ತದೆ. ಅದಕ್ಕೇ ಇದು ಅಷ್ಟು ಮೋಸದ್ದು. ಮೂರು ಸಂಖ್ಯೆಗೆ ನಡೆಯುವುದಿಲ್ಲ. 1/2 : 1/3 : 1/6 ಎಂದು ಬರೆದು ಛೇದ 6 ಮಾಡಿ, ಬಿಟ್ಟುಬಿಡಿ: 3:2:1. ವಂತಿಗೆ 24,000, 16,000, 8,000. ದೂರವನ್ನೂ ವಂತಿಗೆಯನ್ನೂ ಗುಣಿಸಿದರೆ ಮೂರು ಹಳ್ಳಿಗೂ ಒಂದೇ 48,000 ಬರುತ್ತದೆ, ಅದೇ ತಾಳೆ. (ಗುಣಲಬ್ಧ ಒಟ್ಟು ವಂತಿಗೆಗೇ ಸಮ ಬಂದದ್ದು ಇಲ್ಲಿ ಆ ಮೂರು ಭಿನ್ನರಾಶಿ ಕೂಡಿ ಸರಿಯಾಗಿ ಒಂದಾಗುವುದರಿಂದ, ಬೇರೆ ಲೆಕ್ಕದಲ್ಲಿ ಗುಣಲಬ್ಧಗಳು ತಮ್ಮತಮ್ಮಲ್ಲಿ ಸಮ ಇದ್ದರೆ ಸಾಕು.)

ಮೊತ್ತದ ಬದಲು ವ್ಯತ್ಯಾಸ ಕೊಟ್ಟ ಲೆಕ್ಕಗಳೂ ಬರುತ್ತವೆ. '5:3:2ರಲ್ಲಿ ಹಂಚಿದಾಗ ಮೊದಲನೆಯವರು ಕೊನೆಯವರಿಗಿಂತ 1,200 ಹೆಚ್ಚು ಕೊಟ್ಟರು' ಎಂದರೆ ಮೂರು ಪಾಲಿಗೆ 1,200, ಒಂದಕ್ಕೆ 400, ಒಟ್ಟು ಹತ್ತು ಪಾಲಿಗೆ 4,000. ಪಾಲಿನ ಬೆಲೆ ಹಿಡಿದು ನಡೆಯುವವರಿಗೆ ಇದು ಹೊಸ ಮಾದರಿಯೇ ಅಲ್ಲ. ಸೂತ್ರ ಬಾಯಿಪಾಠ ಮಾಡಿದವರಿಗೆ ಮಾತ್ರ ಹೊಸ ಸೂತ್ರ ಬೇಕಾಗುತ್ತದೆ.

ಚಿಲ್ಲರೆಯ ಗೋಳು ಪುಸ್ತಕದಲ್ಲಿ ಬರುವುದಿಲ್ಲ, ಏಕೆಂದರೆ ಅಲ್ಲಿನ ಸಂಖ್ಯೆಗಳನ್ನು ಮೊದಲೇ ಹೊಂದಿಸಿಟ್ಟಿರುತ್ತಾರೆ. 1,000 ರೂಪಾಯಿಯನ್ನು 3:2:2ರಲ್ಲಿ ಹಂಚಿ ನೋಡಿ: 428.57, 285.71, 285.71. ಕೂಡಿದರೆ 999.99, ಒಂದು ಪೈಸೆ ಕಾಣೆ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರಲ್ಲೇ ನಿಂತಿತು, ಹಾಗಾಗಿ ಕೈಲಿ ಕೊಡುವುದಾದರೆ ರೂಪಾಯಿಗೆ ಇಳಿಸುವುದೇ ಸುಲಭ. ಪೈಸೆಗಳನ್ನೆಲ್ಲ ಬಿಟ್ಟರೆ 428, 285, 285, ಮೊತ್ತ 998. ಉಳಿದ 2 ರೂಪಾಯಿಯನ್ನು ಯಾರ ಪೈಸೆ ಹೆಚ್ಚು ಬಿಟ್ಟುಹೋಯಿತೋ ಅವರಿಗೆ ಒಂದೊಂದಾಗಿ ಹಾಕಿ: 428, 286, 286. ಮೊತ್ತ ಕೂಡುತ್ತದೆ, ಯಾರಿಗೂ ಒಂದು ರೂಪಾಯಿಯಷ್ಟೂ ಅನ್ಯಾಯ ಆಗುವುದಿಲ್ಲ.

ಇಷ್ಟೆಲ್ಲ ಆದಮೇಲೆ ಮಗಳಿಗೆ ಈ ಲೆಕ್ಕ ಕೊಡಿ. ಮೂವರು ರೈತರು ಕೂಡಿ ಒಂದು ಬೋರ್‌ವೆಲ್ ಕೊರೆಸಿದರು, ಖರ್ಚು 1,80,000. ಇದನ್ನು ಜಮೀನಿಗೆ ತಕ್ಕಂತೆ ಹಾಕುವುದೆಂದು ಮಾತಾಗಿದೆ. ಜಮೀನು 3, 2, 1 ಎಕರೆ. ಆಮೇಲೆ ಮೋಟರ್ ಸುಟ್ಟುಹೋಗಿ ರಿಪೇರಿಗೆ 7,200 ಆಯಿತು. ಇದು ಮೋಟರ್ ಓಡಿಸಿದ ಗಂಟೆಗೆ ತಕ್ಕಂತೆ. ದೊಡ್ಡ ಜಮೀನಿನವನು ರಾಗಿ ಬೆಳೆದು ದಿನಕ್ಕೆ 2 ಗಂಟೆ ಮಾತ್ರ ಓಡಿಸಿದ, ಎರಡನೆಯವನು 3 ಗಂಟೆ, ಒಂದೇ ಎಕರೆಯವನು ತರಕಾರಿ ಹಾಕಿ 4 ಗಂಟೆ. ಕರೆಂಟ್ ಬಿಲ್ಲನ್ನು ಸೇರಿಸಿಲ್ಲ, ಏಕೆಂದರೆ ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಅವಳು ಎರಡನ್ನೂ ಕೂಡಿ 1,87,200 ಎಂದು ಬರೆಯಲು ಹೊರಟರೆ ತಡೆಯಬೇಡಿ, ಯಾವ ಅನುಪಾತದಿಂದ ಭಾಗಿಸುವುದೆಂದು ಹುಡುಕುವಾಗ ತಾನೇ ನಿಲ್ಲುತ್ತಾಳೆ. ಕೊರೆಸಿದ್ದಕ್ಕೆ 90,000, 60,000, 30,000. ರಿಪೇರಿಗೆ 1,600, 2,400, 3,200. ಕೊನೆಯ ಉತ್ತರ 91,600, 62,400, 33,200.